ಬಸಮ್ಮನವರ ತೀರ್ಥ ಮತ್ತು ನನ್ನ ನೀರಿನ ಕ್ಯಾನು

1978ನೇ ಇಸವಿ, ಫೆಬ್ರವರಿ ತಿಂಗಳ ಒಂದು ಭಾನುವಾರ. ಬೆಳಗಿನ ಜಾವ ಐದು ಗಂಟೆ. ಸ್ಥಳ, ಜಗಳೂರಿನ ಜವಳಿ ಅಂಗಡಿಯವರ ಮನೆಯ ಮುಂದಿನ ರಸ್ತೆ. ಹಾಜರಿದ್ದವರು: ಆ ಮನೆಯ ಸೊಸೆ ಗಿರಿಜಮ್ಮ, ಪಕ್ಕದ ಮನೆಯ ಕೊಟ್ರಮ್ಮ (ಹೊರಟವರಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ದೊಡ್ಡ ದನಿಯವರು), ಹೊಲಿಗೆ ಕೆಲಸದ ನಾಗರತ್ನ, ಪ್ರೈಮರಿ ಶಾಲೆಯ ಟೀಚರ್ ಸುಶೀಲಮ್ಮ, ಹೊಸ್ತಿಲಲ್ಲಿ ನಿಂತು ಇವರೆಲ್ಲರನ್ನೂ ಕಣ್ಣಲ್ಲೇ ತೂಗುತ್ತಿದ್ದ ಗಿರಿಜಮ್ಮನ ಅತ್ತೆ ಬಸಮ್ಮನವರು, ಮತ್ತು ಬಾಡಿಗೆ ಕಾರಿನ ಡ್ರೈವರ್ ಆಗಿದ್ದ ನಾನು, ರುದ್ರಪ್ಪ.

ನಾನು ಸ್ಟೀರಿಂಗ್ ಬಿಟ್ಟು ಮನೆಯಲ್ಲಿ ಕೂತು ಬಹಳ ವರ್ಷಗಳಾದವು. ನಮ್ಮ ಓಣಿಯ ಕೆಲವು ಹುಡುಗರು ಈಗ ಟೂರಿಸ್ಟ್ ಗಾಡಿ ಓಡಿಸುತ್ತಾರೆ. ಸಂಜೆ ಬಂದು ಕಟ್ಟೆಯ ಮೇಲೆ ಕೂತು, 'ದಿನದ ಬಾಡಿಗೆಗೆ ಹೋದಾಗ ಹೆಂಗೆ ನಡ್ಕಬೇಕು ಹೇಳ್ರಿ' ಎಂದು ಕೇಳುತ್ತಾರೆ. ದಾರಿ ತೋರಿಸಲು ಅವರ ಬಳಿ ಮೊಬೈಲ್ ಇದೆ. ಗಾಡಿ ಕೆಟ್ಟರೆ ಫೋನ್ ಮಾಡಲು ಕಂಪನಿ ಇದೆ. ಹಾಗಾಗಿ ದಾರಿಯ ವಿಷಯವನ್ನೂ ಇಂಜಿನ್ನಿನ ವಿಷಯವನ್ನೂ ನಾನು ಕಲಿಸಬೇಕಾಗಿಲ್ಲ. ಕಾರಿನೊಳಗೆ ಕೂತವರ ವಿಷಯವನ್ನು ಹೇಳಬಹುದು. ಅದಕ್ಕೆ ಆ ಭಾನುವಾರವೇ ಸಾಕು. ಆದರೆ ಅಲ್ಲಿಗೆ ಬರುವ ಮುಂಚೆ ಸ್ವಲ್ಪ ಹಿಂದಿನದನ್ನು ಹೇಳಬೇಕು.

ನಾನು ಕೆಲಸ ಕಲಿತದ್ದು ಚನ್ನಗಿರಿಯಲ್ಲಿ, ಗಫಾರ್ ಸಾಬರೆಂಬ ಮೇಸ್ತ್ರಿಯ ಕೈಕೆಳಗೆ. ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಬೆಳಿಗ್ಗೆ ಗ್ಯಾರೇಜಿಗೆ ಕಾಲಿಟ್ಟ ಕೂಡಲೇ ಅವರ ಮೊದಲ ಪ್ರಶ್ನೆ ಬರುತ್ತಿತ್ತು.

"ನಾಷ್ಟಾ ಆಯ್ತೇನೋ ರುದ್ರ?"

"ಆಯ್ತು ಉಸ್ತಾದ್."

"ಗಾಡೀದು?"

ಗಾಡಿಯ ನಾಷ್ಟಾ ಎಂದರೆ ನೀರು, ಎಣ್ಣೆ, ಗಾಳಿ, ಬ್ರೇಕು, ದೀಪ. ಇದೇ ಅನುಕ್ರಮದಲ್ಲಿ ನೋಡಬೇಕು. ಗಾಳಿ ನೋಡಿ ಆಮೇಲೆ ನೀರು ನೋಡಿದರೂ ಬೈಯುತ್ತಿದ್ದರು. ಡಿಕ್ಕಿಯಲ್ಲಿ ಒಂದು ತಗಡಿನ ಕ್ಯಾನಿನ ತುಂಬ ನೀರು, ಒಂದು ಹಳೆ ಟ್ಯೂಬಿನ ರಬ್ಬರ್ ಪಟ್ಟಿ, ತಂತಿ, ಹಳೆ ಪಂಚೆಯ ತುಂಡು ಇರಲೇಬೇಕು. ಭಾನುವಾರ ಸಂಜೆ ಗಾಡಿ ತಣ್ಣಗಾದ ಮೇಲೆ ರೇಡಿಯೇಟರಿನ ಹಳೆ ನೀರನ್ನು ಕೆಳಗಿನ ನಲ್ಲಿಯಿಂದ ಬಿಟ್ಟು ಹೊಸ ನೀರು ತುಂಬಬೇಕು. ಹಬ್ಬ ಇರಲಿ, ಹುಣ್ಣಿಮೆ ಇರಲಿ, ಈ ಕೆಲಸ ತಪ್ಪುವಂತಿಲ್ಲ. ನಾನು ಜಗಳೂರಿಗೆ ಬಂದು ಎಣ್ಣೆ ಗಿರಣಿಯ ಮಾಲೀಕರೊಬ್ಬರ ಬಾಡಿಗೆ ಕಾರು ಹಿಡಿದ ಮೇಲೂ, ಉಸ್ತಾದ್ ಹಿಂದೆ ನಿಂತಿದ್ದಾರೇನೋ ಎಂಬಂತೆ ಇದನ್ನೆಲ್ಲ ನಡೆಸಿಕೊಂಡು ಬಂದೆ.

ಆ ಕಾಲದಲ್ಲಿ ಜನ ಕಾರು ಹಿಡಿಯುತ್ತಿದ್ದದ್ದು ಮದುವೆಗೆ, ಆಸ್ಪತ್ರೆಗೆ, ಕೋರ್ಟಿಗೆ. ಊರು ನೋಡಲು ಕಾರು ಎಂದರೆ ನಗುತ್ತಿದ್ದರು. ನನಗೆ ಅಂಥ ಮೊದಲ ಗಿರಾಕಿ ಸಿಕ್ಕಿದ್ದು ಚನ್ನಗಿರಿಯಲ್ಲಿದ್ದಾಗ. ಉಬ್ರಾಣಿಯ ಮೂರ್ತಪ್ಪ ಎಂಬ ರೈತರು. ಇಸ್ತ್ರಿ ಮಾಡಿದ ಜುಬ್ಬ ಹಾಕಿ, ಒಬ್ಬರೇ ಹಿಂದಿನ ಸೀಟಿನ ನಡುವೆ ಕೂತರು. ಕೋಟೆಗೆ ಹೋಗೋಣ, ಆಮೇಲೆ ಕೆರೆ ಎಂದು ನಾನು ಹೇಳಿದೆ.

"ಕೋಟೆ ಎಲ್ಲಿಗೂ ಹೋಗಲ್ಲ ಬಿಡಪ್ಪ. ಮೊದ್ಲು ನಮ್ಮ ಷಡ್ಡಕನ ಮನೆ ಮುಂದೆ ನಿಲ್ಸು. ಎರಡು ಸಲ ಹಾರ್ನ್ ಹೊಡಿ. ಅವನು ಹೊರಗೆ ಬರೋತನಕ ನಾನು ಇಳಿಯಲ್ಲ."

ಷಡ್ಡಕನ ಮನೆ ಆಯಿತು. ಆಮೇಲೆ ಭಾವಮೈದುನನ ಮನೆ, ಬೀಗರ ಮನೆ. ಎಲ್ಲ ಕಡೆಯೂ ಎರಡು ಹಾರ್ನ್, ಒಂದು ಲೋಟ ಕಾಫಿ. ಸಂಜೆ ಅವರನ್ನು ಮನೆಗೆ ಬಿಡುವಾಗ, "ಯಜಮಾನ್ರೇ, ಇವತ್ತು ಏನೂ ನೋಡ್ಲಿಲ್ವಲ್ರೀ" ಎಂದೆ. "ನಾನು ನೋಡಾಕೆ ಎಲ್ಲಿ ಬಂದಿದ್ದೆ? ಅವರು ನೋಡಿದ್ರಲ್ಲ!" ಎಂದು ಜುಬ್ಬದ ತೋಳು ನೇರ ಮಾಡಿಕೊಂಡು ಇಳಿದರು.

ಇನ್ನೊಂದು ಸಲ ಜಗಳೂರು ಕಡೆಯ ತಾಂಡಾದ ಲಂಬಾಣಿ ಕುಟುಂಬವೊಂದನ್ನು ಸೂರಗೊಂಡನಕೊಪ್ಪದ ಜಾತ್ರೆಗೆ ಕರೆದೊಯ್ದೆ. ಕಾರಿನಲ್ಲಿ ಎಷ್ಟು ಜನ ಕೂತಿದ್ದರೆಂದು ಈಗಲೂ ಬರೆಯಲಾರೆ, ಕೇಳಿದ ಪೊಲೀಸರಿಗೂ ಹೇಳಿರಲಿಲ್ಲ. ದಾರಿಯುದ್ದಕ್ಕೂ ಹಾಡು. ದರ್ಶನ ಚೆನ್ನಾಗಿ ಆಯಿತು. ವಾಪಸ್ ಬರುವಾಗ ನ್ಯಾಮತಿ ದಾಟಿದ ಮೇಲೆ ಹಾಡಿನ ನಡುವೆ ಅಜ್ಜಿಯೊಬ್ಬರು ಮೆಲ್ಲಗೆ, ತಾವು ಚಿಕ್ಕವರಿದ್ದಾಗ ತಾಯಿಯ ಜೊತೆ ನಡೆದುಕೊಂಡೇ ಈ ಜಾತ್ರೆಗೆ ಬಂದಿದ್ದರೆಂದೂ ಒಂದು ಹುಣಸೆಮರದ ಕೆಳಗೆ ಮಲಗಿದ್ದರೆಂದೂ, ಅದನ್ನು ನೋಡಬೇಕೆಂದಿತ್ತೆಂದೂ ಹೇಳಿದರು. ಮರ ಹಿಂದೆ ಉಳಿದಿತ್ತು. ಕಾರು ತಿರುಗಿಸಿದೆವು. ಅಜ್ಜಿ ಮರದ ಬುಡದಲ್ಲಿ ಸುಮ್ಮನೆ ಕೂತು ಎಲೆ ಅಡಿಕೆ ಹಾಕಿಕೊಂಡು ಎದ್ದರು.

ಅಂದಿನಿಂದ ನಾನೊಂದು ಪದ್ಧತಿ ಮಾಡಿಕೊಂಡೆ. ಬಾಡಿಗೆಯ ಹಿಂದಿನ ಸಂಜೆ ಗಿರಾಕಿಯ ಮನೆಗೆ ಹೋಗುವುದು. ಕಾರು ಗೊತ್ತು ಮಾಡಿದವರನ್ನು ಮಾತ್ರವಲ್ಲ, ಕಾರಿನಲ್ಲಿ ಕೂರುವ ಒಬ್ಬೊಬ್ಬರನ್ನೂ ಕೇಳುವುದು: ನಿಮಗೆ ಏನು ನೋಡಬೇಕು? ದಾರಿಯನ್ನು ಆಮೇಲೆ ಹೊಂದಿಸುವುದು. ಹುಡುಗರೇ, ನಾನು ನಿಮಗೆ ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ. ಉಳಿದದ್ದು ಕಥೆ.

ಆ ಭಾನುವಾರದ ಬಾಡಿಗೆಗೆ ನಮ್ಮ ಮಾಲೀಕರೇ ಬೆರಗಾಗಿದ್ದರು. "ಬರೀ ಹೆಂಗಸರೇ ಅಂತಲ್ಲೋ! ಜೊತೆಗೆ ಯಾವ ಗಂಡಸೂ ಇಲ್ವಂತೆ!" ನಾನು ಇದ್ದೇನಲ್ಲ ಎಂದೆ. "ನೀನು ಡ್ರೈವರ್, ನಿನ್ನ ಲೆಕ್ಕ ಇಲ್ಲ" ಎಂದರು.

ಶನಿವಾರ ಸಂಜೆ ಪದ್ಧತಿಯಂತೆ ಜವಳಿ ಅಂಗಡಿಯವರ ಮನೆಗೆ ಹೋದೆ. ನಾಲ್ವರೂ ಪಡಸಾಲೆಯಲ್ಲಿ ಸೇರಿದ್ದರು. ಟೀಚರ್ ಸುಶೀಲಮ್ಮನವರು ಸಂತೆಬೆನ್ನೂರಿನ ಪುಷ್ಕರಣಿ ಎಂದರು. ಪ್ರತಿ ವರ್ಷ ಮಕ್ಕಳಿಗೆ ಅದರ ಪಾಠ ಹೇಳುತ್ತಿದ್ದರೂ ಒಮ್ಮೆಯೂ ಕಂಡಿರಲಿಲ್ಲವಂತೆ. ನಾಗರತ್ನನಿಗೆ ಸೂಳೆಕೆರೆ. "ಆಚೆ ದಡ ಕಾಣದಷ್ಟು ನೀರು ಐತಂತೆ ಅಣ್ಣ, ನಾನು ನಂಬಲ್ಲ. ನೋಡ್ಬೇಕು." ಕೊಟ್ರಮ್ಮ ಕೊಂಚ ಹೊತ್ತು ನಾಚಿ, ಆಮೇಲೆ ಒಮ್ಮೆಗೇ ಹೇಳಿದರು: "ನನಗೆ ಗುಡಿ ಕೆರೆ ಏನೂ ಬ್ಯಾಡ ತಮ್ಮಾ. ಹೋಟ್ಲಾಗೆ ಕುರ್ಚಿ ಮೇಲೆ ಕೂತು, ನಾನೇ ಬಾಯಿ ಬಿಟ್ಟು ಕೇಳಿ, ಒಂದು ಮಸಾಲೆ ದೋಸೆ ತಿನ್ಬೇಕು. ನಮ್ಮನೆಯವರು ಇರೋತನಕ ಎಲ್ಯಾಗೆ ಕಟ್ಟಿಸ್ಕಂಡು ತಂದು ಕೊಡ್ತಿದ್ರು. ತಣ್ಣಗಾದ ದೋಸೆ ತಿಂದೇ ನನಗೆ ವಯಸ್ಸಾತು."

"ನಿಮಗಮ್ಮಾ?" ಎಂದು ಗಿರಿಜಮ್ಮನನ್ನು ಕೇಳಿದೆ. ಇಷ್ಟೆಲ್ಲ ಏರ್ಪಾಟು ಮಾಡಿದವರೇ ಅವರು.

"ನನಗೇನಿಲ್ಲ ರುದ್ರಣ್ಣ. ಅತ್ತೆಗೆ ತೀರ್ಥರಾಮೇಶ್ವರದ ತೀರ್ಥ ತಂದ್ರೆ ಸಾಕು."

ಒಳಗಿನಿಂದ ಬಸಮ್ಮನವರು ಬಂದರು. ಮಂಡಿ ನೋವು, ಗೋಡೆ ಹಿಡಿದು ನಡೆಯುತ್ತಿದ್ದರು. ಆದರೆ ದನಿಗೆ ಯಾವ ನೋವೂ ಇರಲಿಲ್ಲ. ಕೈಯಲ್ಲಿ ಹುಣಸೆಹಣ್ಣಿನಲ್ಲಿ ಉಜ್ಜಿದ ಹಿತ್ತಾಳೆ ಗಿಂಡಿ.

"ನೋಡಪ್ಪ ರುದ್ರಪ್ಪ, ನಿನಗೂ ಕೇಳ್ಲಿ ಅಂತ ಹೇಳ್ತೀನಿ. ನಾನು ಮದುವ್ಯಾಗಿ ಬಂದಾಗಿಂದ ತೀರ್ಥರಾಮೇಶ್ವರಕ್ಕೆ ಹೋಗ್ಬೇಕು ಅಂತಿದ್ದೆ. ಆಗ್ಲಿಲ್ಲ. ಇನ್ನು ಈ ಕಾಲು ಬರಲ್ಲ. ಈ ಗಿಂಡಿ ತುಂಬ ತೀರ್ಥ ಬರ್ಬೇಕು. ದೀಪ ಹಚ್ಚೋ ಹೊತ್ತಿಗೆ ನಮ್ಮ ಸೊಸೆ ಮನ್ಯಾಗಿರ್ಬೇಕು. ಎರಡರಾಗೆ ಒಂದು ತಪ್ಪಿದ್ರೂ ಈ ತಿರುಗಾಟ ಇದೇ ಮೊದಲು, ಇದೇ ಕೊನೆ."

ಗಿರಿಜಮ್ಮನ ಯಜಮಾನರು ಮೂಲೆಯಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದರು. ಅವರು ತಲೆ ಎತ್ತಲಿಲ್ಲ. ಉಳಿದ ಮೂವರ ಮನೆಗಳಲ್ಲೂ 'ಬಸಮ್ಮನ ಸೊಸೇನೇ ಹೊರಟಾಳೆ' ಎಂಬ ಒಂದೇ ಮಾತಿನ ಮೇಲೆ ಒಪ್ಪಿಗೆ ಸಿಕ್ಕಿತ್ತು. ಗಿರಿಜಮ್ಮನಿಗೆ ಬಾಗಿಲು ಮುಚ್ಚಿದರೆ ನಾಲ್ವರಿಗೂ ಮುಚ್ಚಿದಂತೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಟೆವು. ಕೊಟ್ರಮ್ಮ ಮುಂದಿನ ಸೀಟು ಹಿಡಿದರು. ನಮ್ಮಿಬ್ಬರ ನಡುವೆ ರೊಟ್ಟಿ ಬುತ್ತಿಯ ಬುಟ್ಟಿ. ಹಿಂದೆ ಮೂವರು, ಗಿರಿಜಮ್ಮನ ಮಡಿಲಲ್ಲಿ ಗಿಂಡಿ. ದಾವಣಗೆರೆ ದಾಟುವಾಗ ಬೆಳಕು ಹರಿಯಿತು. ಸಂತೆಬೆನ್ನೂರಿನಲ್ಲಿ ಸುಶೀಲಮ್ಮನವರು ಪುಷ್ಕರಣಿಯ ಮೆಟ್ಟಿಲ ಮೇಲೆ ನಿಂತು, ನೀರಿನ ನಡುವಿನ ಮಂಟಪವನ್ನು ಬಹಳ ಹೊತ್ತು ನೋಡಿದರು. "ಪುಸ್ತಕದಾಗೆ ಇಷ್ಟು ಚಿಕ್ಕ ಚಿತ್ರ ಹಾಕ್ಯಾರೆ" ಎಂದು ಬೆರಳಲ್ಲಿ ಅಳತೆ ತೋರಿಸಿ, ಯಾರ ಮೇಲೋ ಸಿಟ್ಟು ಬಂದವರಂತೆ ಕಾರು ಹತ್ತಿದರು.

ಕೆರೆಬಿಳಚಿ ಕಡೆಯಿಂದ ಸೂಳೆಕೆರೆ ಏರಿಗೆ ಬಂದೆವು. ಗಾಳಿಗೆ ಅಲೆ ಎದ್ದು ಕಲ್ಲಿಗೆ ಬಡಿಯುತ್ತಿತ್ತು. ಜಗಳೂರಿನಲ್ಲಿ ಬಿಂದಿಗೆ ಸಾಲಿಟ್ಟು ಸರದಿ ಕಾಯುವ ಹೆಂಗಸರು ಇವರು. ನಾಲ್ವರೂ ಏರಿಯ ಅಂಚಿಗೆ ಹೋಗಿ ನಿಂತರು. ಕೊನೆಗೆ ನಾಗರತ್ನ, "ಇಷ್ಟು ನೀರನ್ನ ಬಯಲಾಗೆ ಬಿಟ್ಟು ಈ ಜನ ನಿದ್ದೆ ಹೆಂಗೆ ಮಾಡ್ತಾರಣ್ಣ? ನಾನಾಗಿದ್ರೆ ಬೀಗ ಹಾಕ್ತಿದ್ದೆ" ಎಂದಳು.

ಚನ್ನಗಿರಿಯಲ್ಲಿ ನನಗೆ ಪರಿಚಯವಿದ್ದ ಹೋಟೆಲಿನ ಮುಂದೆ ನಿಲ್ಲಿಸಿದೆ. ಮಾಣಿ ಗೌರವದಿಂದಲೇ ಪರದೆ ಎಳೆದ ಫ್ಯಾಮಿಲಿ ರೂಮು ತೋರಿಸಿದ.

"ಪರದೆ ಹಿಂದೆ ತಿನ್ನಾಕೆ ನಮ್ಮನ್ಯಾಗೆ ಜಾಗ ಇಲ್ವೇನಪ್ಪ?" ಎಂದರು ಕೊಟ್ರಮ್ಮ. ಹೋಟೆಲಿನ ನಟ್ಟನಡುವಿನ ಮೇಜಿಗೇ ಹೋಗಿ ಕೂತರು. ಉಳಿದವರು ಸೆರಗು ಸರಿಮಾಡಿಕೊಳ್ಳುತ್ತ ಹಿಂಬಾಲಿಸಿದರು. ಮಾಣಿ ಒಂದೇ ಉಸಿರಿನಲ್ಲಿ ಇಡ್ಲಿಯಿಂದ ಹಿಡಿದು ಜಾಮೂನಿನವರೆಗೆ ಹೇಳಿ ಮುಗಿಸಿದ.

"ಇನ್ನೊಂದು ಸಲ ಹೇಳು."

ಹೇಳಿದ.

"ಭಾಳ ಚೆನ್ನಾಗಿ ಹೇಳ್ತೀಯಪ್ಪ. ಇನ್ನೊಂದೇ ಸಲ."

ಮೂರನೆಯ ಸಲ ಕೇಳಿಸಿಕೊಂಡ ಮೇಲೆ, ಆಗಷ್ಟೇ ಯೋಚನೆ ಬಂದವರಂತೆ, "ಒಂದು ಮಸಾಲೆ ದೋಸೆ" ಎಂದರು. ಹೆಂಚಿನಿಂದ ನೇರ ಬಂದ ದೋಸೆಯ ಮೊದಲ ತುತ್ತು ಬಾಯಿ ಸುಟ್ಟಿತು. ಕಣ್ಣಲ್ಲಿ ನೀರು ಬಂದರೂ ಕೊಟ್ರಮ್ಮ ನಗುತ್ತಿದ್ದರು. "ಹಿಂಗೆ ಸುಡ್ಬೇಕು ನೋಡು!"

ಹೊನ್ನಾಳಿಯಲ್ಲಿ ಹೊಳೆಯ ದಡದಲ್ಲಿ ಬುತ್ತಿ ಬಿಚ್ಚಿದೆವು. ಹೊಳೆ ನೋಡಿ ನಾಗರತ್ನ ಮತ್ತೆ ತಲೆ ಮೇಲೆ ಕೈ ಇಟ್ಟಳು. ನ್ಯಾಮತಿ ದಾಟಿ ತೀರ್ಥರಾಮೇಶ್ವರದ ಗುಡ್ಡ ತಲುಪಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಅಲ್ಲಿ ಬೇಸಿಗೆಯಲ್ಲೂ ತೀರ್ಥದ ಧಾರೆ ಬತ್ತುವುದಿಲ್ಲ. ಗಿರಿಜಮ್ಮ ಗಿಂಡಿ ತುಂಬಿ, ಬಾಯಿಗೆ ಬಾಳೆ ಎಲೆ ಇಟ್ಟು, ಹೊಸ ಬಿಳಿ ಬಟ್ಟೆ ಕಟ್ಟಿದರು. ನಾನು ಡಿಕ್ಕಿ ತೆರೆದಿಟ್ಟು, ಟೈರಿಗೆ ಸಿಕ್ಕಿದ್ದ ಕಲ್ಲು ತೆಗೆದು, ಆಮೇಲೆ ದರ್ಶನಕ್ಕೆ ಹೋಗಿ ಬಂದೆ. ಡಿಕ್ಕಿಯ ಮೂಲೆಯಲ್ಲಿ ಕ್ಯಾನಿತ್ತು, ಸರಿಯಾಗಿ ನೋಡಲಿಲ್ಲ. ಮುಚ್ಚಿದೆ. ಹೊತ್ತಿಗೆ ಸರಿಯಾಗಿ ಹೊರಟೆವು.

ದಾವಣಗೆರೆಗೆ ಮರಳಿದಾಗ ಬಿಸಿಲು ಹಳದಿಗೆ ತಿರುಗಿತ್ತು. ಇನ್ನು ಜಗಳೂರು ಮಾತ್ರ ಬಾಕಿ. "ದೀಪಕ್ಕಿಂತ ಮುಂಚೇನೇ ಹೋಗ್ತೀವಿ ಕಣ್ರೇ" ಎಂದು ಸುಶೀಲಮ್ಮನವರು ಗಡಿಯಾರ ನೋಡಿದರು. ಹಿಂದಿನ ಸೀಟಿನಲ್ಲಿ ಮುಂದಿನ ಪ್ರವಾಸದ ಮಾತೇ ಶುರುವಾಗಿತ್ತು.

ಅರ್ಧ ದಾರಿಯಲ್ಲಿ, ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಕಟಾವಾದ ಜೋಳದ ಹೊಲ ಬಿಟ್ಟರೆ ಏನೂ ಇಲ್ಲದ ಜಾಗದಲ್ಲಿ, ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆಯಂತೆ ಹಬೆ ಬಂತು. ನಿಲ್ಲಿಸಿದೆ.

"ಬೆಂಕಿ! ಬೆಂಕಿ!" ಎಂದು ಕೊಟ್ರಮ್ಮ ಬುಟ್ಟಿಯ ಸಮೇತ ಕೆಳಗೆ ಹಾರಿದರು.

"ಬೆಂಕಿ ಅಲ್ಲಮ್ಮ, ನೀರು ಕುದೀತಾ ಐತೆ."

ನೋಡಿದರೆ ರೇಡಿಯೇಟರಿನ ಮೇಲಿನ ಹೋಸ್ ಪೈಪು ಸೀಳಿತ್ತು. ಬೆಳಿಗ್ಗೆ ನೋಡುವಾಗ ಗಟ್ಟಿಯಾಗಿತ್ತು. ರಬ್ಬರಿನ ಸ್ವಭಾವವೇ ಹಾಗೆ, ಹೇಳಿ ಹೋಗುವುದಿಲ್ಲ. ಇಂಥ ಹೊತ್ತಿನಲ್ಲಿ ಡ್ರೈವರ್ ಗಾಬರಿಯಾದರೆ ಕಾರಿನೊಳಗಿನವರೆಲ್ಲ ಗಾಬರಿಯಾಗುತ್ತಾರೆ. ನಾನು ಎಂದಿನ ಅನುಕ್ರಮದಲ್ಲಿ ಕೆಲಸ ಶುರು ಮಾಡಿದೆ. ಬಾನೆಟ್ ಎತ್ತಿದೆ. ಹಬೆ ಇಳಿಯುವವರೆಗೆ ಕಾದೆ. ಪಂಚೆಯ ತುಂಡನ್ನು ಮುಚ್ಚಳದ ಮೇಲೆ ಹಾಕಿ ನಿಧಾನ ತಿರುಗಿಸಿದೆ. ಸೀಳಿಗೆ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿ ತಂತಿ ಕಟ್ಟಿದೆ. ಇನ್ನು ನೀರು ತುಂಬಿದರೆ ಆಯಿತು. ಮತ್ತೆ ಡಿಕ್ಕಿಗೆ ಕೈ ಹಾಕಿ ಮೂಲೆಯ ಕ್ಯಾನು ಎತ್ತಿದೆ.

ಎತ್ತಿದವನು ಹಾಗೇ ನಿಂತೆ. ನನ್ನ ಕ್ಯಾನಿಗೆ ವರ್ಷಗಳ ಎಣ್ಣೆ ಜಿಡ್ಡು ಹತ್ತಿತ್ತು. ಇದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ.

"ಇದು ಯಾರ ಕ್ಯಾನು?"

ಎಲ್ಲರೂ ಕೊಟ್ರಮ್ಮನ ಕಡೆ ನೋಡಿದರು.

"ನಿಂದೇ ತಮ್ಮಾ. ಓಣಿಯವರೆಲ್ಲ ತೀರ್ಥ ತಗಂಬಾ ಅಂದಿದ್ರು. ಪಾತ್ರೆ ಸಾಲ್ಲಿಲ್ಲ. ನಿನ್ನ ಕ್ಯಾನಾಗೆ ಎಂಥದೋ ಕೊಳಕು ನೀರಿತ್ತು. ಚೆಲ್ಲಿದೆ. ಬೂದಿ ಹಾಕಿ ಉಜ್ಜಿದೆ. ಒಂದು ಗಂಟೆ ಉಜ್ಜೀನಿ, ಮೈಕೈ ನೋಯ್ತಾವೆ. ಒಳಗಿರೋದು ತೀರ್ಥ. ಕೆಳಗಿಡು, ಕೆಳಗಿಡು!"

"ಕೊಟ್ರಮ್ಮ, ಆ ಕೊಳಕು ನೀರು ಇಂಜಿನ್ನಿಂದು!"

"ಅದಕ್ಕೆ ಹೆಸರು ಬರ್ದಿದ್ಯಾ?"

ಸುಶೀಲಮ್ಮನವರಿಗೆ ನಗು ತಡೆಯಲಾಗಲಿಲ್ಲ. ನಾಗರತ್ನ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಗಿರಿಜಮ್ಮ ಮಾತ್ರ ನಗಲಿಲ್ಲ. ಅವರು ಪಡುವಣ ದಿಕ್ಕಿಗೆ ನೋಡುತ್ತಿದ್ದರು. ಸೂರ್ಯ ಮುಳುಗಲು ಹೆಚ್ಚು ಹೊತ್ತಿರಲಿಲ್ಲ.

"ಹತ್ತಿರ ಎಲ್ಲೂ ಬಾವಿ ಇಲ್ವಾ ರುದ್ರಣ್ಣ?"

"ಐತಮ್ಮ. ಆ ದೂರದ ಊರಾಗೆ. ನಾನು ಹೋಗಿ ಬರೋದ್ರೊಳಗೆ ಕತ್ತಲಾಗ್ತೈತೆ."

ಕೊಟ್ರಮ್ಮ ಒಂದು ಕ್ಷಣ ಕ್ಯಾನನ್ನೂ ಹೊಲವನ್ನೂ ನೋಡಿದರು. ಆಮೇಲೆ ತಾವೇ ಬಂದು ಮುಚ್ಚಳ ತೆಗೆದರು. "ಓಣಿಯವರಿಗೆ ನಾನು ಹೇಳ್ಕಂತೀನಿ. ಹಾಕು. ಇಂಜಿನ್ನಿಗೂ ಸ್ವಲ್ಪ ಪುಣ್ಯ ಬರ್ಲಿ."

ಕುದಿದ ಇಂಜಿನ್ನಿಗೆ ತಣ್ಣೀರನ್ನು ಒಮ್ಮೆಲೇ ಸುರಿಯಬಾರದು. ಇಂಜಿನ್ ಚಾಲು ಮಾಡಿ, ದಾರದಂತೆ ಸುರಿಯಬೇಕು. ಕ್ಯಾನು ಪೂರ್ತಿ ಖಾಲಿಯಾಯಿತು. ಇಣುಕಿ ನೋಡಿದೆ. ನೀರು ಇನ್ನೂ ಕೆಳಗೇ ಇತ್ತು. ಸೀಳಿನಿಂದ ಬಹಳಷ್ಟು ಹೋಗಿತ್ತು. ಇಷ್ಟರಲ್ಲೇ ಹೊರಟರೆ ಇನ್ನೊಂದು ಕಡೆ ನಿಲ್ಲುವುದು ಖಂಡಿತ, ಆಗ ಇಂಜಿನ್ನೂ ಉಳಿಯುವುದಿಲ್ಲ.

ಸಾಲದೆಂದು ತಲೆ ಅಲ್ಲಾಡಿಸಿ ಖಾಲಿ ಕ್ಯಾನನ್ನು ಕೆಳಗಿಟ್ಟೆ. ಎಲ್ಲರ ಕಣ್ಣೂ ಗಿರಿಜಮ್ಮನ ಕೈಯಲ್ಲಿದ್ದ ಗಿಂಡಿಯ ಮೇಲೆ ಹೋಗಿ, ತಕ್ಷಣ ಬೇರೆ ಕಡೆ ತಿರುಗಿದವು.

"ನಿಧಾನ ಹೋಗಾಣ ಬಿಡ್ರಿ. ತಡ ಆದ್ರೆ ಆಗ್ಲಿ. ಗಾಡಿ ಕೆಟ್ಟಿತ್ತು ಅಂತ ನಾನೇ ಹೇಳ್ತೀನಿ" ಎಂದರು ಸುಶೀಲಮ್ಮ.

"ಇಲ್ಲಾಂದ್ರೆ ಇದನ್ನ ಹಾಕಿ ಹೋಗಾಣ," ಎಂದಳು ನಾಗರತ್ನ, ದನಿ ತಗ್ಗಿಸಿ. "ಊರು ಬಾಗಿಲಾಗೆ ಬೋರಿಂಗ್ ಐತಲ್ಲ, ಅಲ್ಲಿ ಗಿಂಡಿ ತುಂಬ್ಕಂಡ್ರೆ ಆತು. ನೀರು ನೀರೇ ಅಲ್ವಾ ಅಕ್ಕ? ನಿಮ್ಮತ್ತೆಗೆ ಯಾರು ಹೇಳ್ತಾರೆ?"

ಗಿರಿಜಮ್ಮ ಗಿಂಡಿಯ ಬಟ್ಟೆ ಬಿಚ್ಚುತ್ತ ಹೇಳಿದರು: "ತೀರ್ಥ ಅಂದ್ರೆ ನಮ್ಮತ್ತೆ ಕಣ್ಣು ಮುಚ್ಚಿ ಕೈ ಚಾಚ್ತಾರೆ ನಾಗೂ. ಆ ಕೈಗೆ ಬೋರಿಂಗ್ ನೀರು ಹಾಕಾಕೆ ನನ್ನ ಕೈಲಾಗಲ್ಲ. ಇಲ್ಲ ಅಂತ ಹೇಳಿ ಬೈಸ್ಕಂತೀನಿ. ಆದ್ರೆ ಕತ್ತಲಾಗೆ ಅವರು ಹೊಸ್ತಿಲಾಗೆ ಕಾಯ್ತಾ ಕೂರೋದು ಬ್ಯಾಡ. ಎಲ್ಲಿ, ಎಲ್ಲಿ ಸುರೀಬೇಕು ರುದ್ರಣ್ಣ?"

ತೋರಿಸಿದೆ. ಅವರೇ ಸುರಿದರು, ದಾರದಂತೆ. ಒಂದು ಹನಿಯೂ ಹೊರಗೆ ಬೀಳಲಿಲ್ಲ. ನೀರು ಮೇಲಕ್ಕೆ ಬಂತು. ಮುಚ್ಚಳ ಹಾಕಿದೆ. ಎಲ್ಲರೂ ಹತ್ತಿದರು. ಜಗಳೂರು ಬರುವ ತನಕ ಗಿರಿಜಮ್ಮ ಖಾಲಿ ಗಿಂಡಿಯನ್ನು ಮಡಿಲಲ್ಲೇ ಹಿಡಿದಿದ್ದರು. ನಾನು ಮೀಟರಿನ ಮುಳ್ಳನ್ನೂ ಆಕಾಶವನ್ನೂ ನೋಡುತ್ತ ಓಡಿಸಿದೆ.

ಓಣಿಗೆ ತಿರುಗಿದಾಗ ಬೀದಿ ದೀಪ ಇನ್ನೂ ಹತ್ತಿರಲಿಲ್ಲ. ಬಸಮ್ಮನವರು ಹೊಸ್ತಿಲ ಒಳಗೆ ಬೆಂಕಿಪೊಟ್ಟಣ ಹಿಡಿದು ನಿಂತಿದ್ದರು.

"ಹೊತ್ತಿಗೆ ಬಂದ್ರಿ," ಎಂದರು. ಮುಖ ಹಗುರವಾದದ್ದು ಕಾಣಿಸಿತು. ಕೈ ಚಾಚಿದರು. "ಎಲ್ಲಿ?"

ಗಿರಿಜಮ್ಮ ಖಾಲಿ ಗಿಂಡಿ ಕೊಟ್ಟರು. ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು, ಏನನ್ನೂ ಮುಚ್ಚಲಿಲ್ಲ. ಬೋರಿಂಗಿನ ಮಾತನ್ನು ಮಾತ್ರ ಹೇಳಲಿಲ್ಲ, ಅದು ನಾಗರತ್ನನ ಮಾನದ ವಿಷಯ. ನಾನು ಟೋಪಿ ಕೈಯಲ್ಲಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಗಿರಿಜಮ್ಮನ ಯಜಮಾನರು ಅಂಗಡಿಯಿಂದ ಬಂದು ಬಾಗಿಲ ಬಳಿಯೇ ನಿಂತುಬಿಟ್ಟರು.

ಬಸಮ್ಮನವರು ಗಿಂಡಿಯೊಳಗೆ ನೋಡಿದರು. ಆಮೇಲೆ ಕಾರಿನ ಕಡೆ ನೋಡಿದರು.

"ಈಗ ಅದು ಒಳಗೇ ಐತಾ?"

"ಐತಮ್ಮ," ಎಂದೆ.

"ತೆಗೆಯಾಕೆ ಬರ್ತೈತಾ?"

"ಬರ್ತೈತಮ್ಮ. ಇವತ್ತು ಭಾನುವಾರ, ಹೆಂಗಿದ್ರೂ ತೆಗೀತೀನಿ. ಆದ್ರೆ ಬಿಸಿ ಐತೆ."

"ಹಂಗಾದ್ರೆ ಆರ್ಲಿ. ಕಾಫಿ ಕುಡಿ."

ಅವರು ದೇವರಿಗೆ ದೀಪ ಹಚ್ಚಿ ಬಂದು ಕಟ್ಟೆಯ ಮೇಲೆ ಕೂತರು. ಯಾರಾದರೂ ಕದ್ದೊಯ್ಯುತ್ತಾರೇನೋ ಎಂಬಂತೆ ಕಾರನ್ನು ಕಾದರು. ನಾವೆಲ್ಲ ಕಾಫಿ ಕುಡಿದೆವು, ಒಬ್ಬರ ಮುಖ ಒಬ್ಬರು ನೋಡದೆ. ಮುಟ್ಟಿ ನೋಡಿ, ಬಿಸಿ ಆರಿದೆ ಎನಿಸಿದಾಗ ನಾನು ಕಾರಿನ ಕೆಳಗೆ ಬಕೆಟ್ ಇಟ್ಟು, ಮೊದಲ ಧಾರೆಗೆ ಅವರದೇ ಗಿಂಡಿ ಹಿಡಿದು ರೇಡಿಯೇಟರಿನ ನಲ್ಲಿ ತಿರುಗಿಸಿದೆ. ಗಿಂಡಿ ತುಂಬಿತು. ಒಯ್ದು ಕೊಟ್ಟೆ.

ಬಸಮ್ಮನವರು ದೀಪದ ಬೆಳಕಿಗೆ ಹಿಡಿದು ನೋಡಿದರು. ತುಕ್ಕಿನಿಂದ ಕೆಂಪಗೆ, ಕಡಕ್ ಚಹಾದ ಹಾಗಿತ್ತು. ಮೇಲೆ ಎಣ್ಣೆಯ ಏಳು ಬಣ್ಣ. ಅವರು ಗಿಂಡಿಯನ್ನು ಮೆಲ್ಲಗೆ ಬಾಯಿಯ ಹತ್ತಿರ ತಂದರು.

"ಅಯ್ಯೋ, ಕುಡಿಬ್ಯಾಡ ಬಸಕ್ಕ!" ಎಂದು ಕೂಗಿದರು ಕೊಟ್ರಮ್ಮ. "ರಾತ್ರೆಲ್ಲ ಹೊಟ್ಟ್ಯಾಗೆ ಹಾರ್ನ್ ಹೊಡ್ಕಂತೈತೆ!"

ಬಸಮ್ಮನವರ ಕೈ ನಿಂತಿತು. ಮೊದಲು ಭುಜ ಅಲುಗಿತು. ಆಮೇಲೆ ಗಿಂಡಿ ಅಲುಗಿತು. ಅವರು ನಕ್ಕರು, ಮಂಡಿ ಹಿಡಿದುಕೊಂಡು ನಕ್ಕರು. ಗಿರಿಜಮ್ಮ ಗಾಬರಿಯಿಂದ ನೋಡುತ್ತಿದ್ದರು. ಆ ಮನೆಗೆ ಬಂದ ಮೇಲೆ ಅತ್ತೆ ಹಾಗೆ ನಕ್ಕದ್ದನ್ನು ಅವರು ಕಂಡಿರಲಿಲ್ಲವಂತೆ. ನಗು ನಿಂತ ಮೇಲೆ ಬಸಮ್ಮನವರು ಆ ಕೆಂಪು ನೀರಿನಲ್ಲಿ ಬೆರಳು ಅದ್ದಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಸೊಸೆಯ ಕಣ್ಣಿಗೂ ಒತ್ತಿದರು.

"ನಿಮ್ಮನ್ನ ನಂಬಿ ತೀರ್ಥ ತರಾಕೆ ಹೇಳಿದ್ನಲ್ಲ, ನನ್ನದೇ ತಪ್ಪು. ಮುಂದಿನ ಸಲ ನಾನೇ ಬರ್ತೀನಿ. ಕಾಲು ಬರ್ಲಿಲ್ಲ ಅಂದ್ರೆ ಏನಾತು, ಕಾರಿಗೆ ಕಾಲೈತೆ."

"ದೀಪ ಯಾರು ಹಚ್ತಾರೆ ಬಸಕ್ಕ?" ಎಂದರು ಕೊಟ್ರಮ್ಮ.

ಬಸಮ್ಮನವರು ಬಾಗಿಲ ಬಳಿ ನಿಂತಿದ್ದ ಮಗನನ್ನು ಮೇಲಿಂದ ಕೆಳಗೆ ನೋಡಿ, ಬೆಂಕಿಪೊಟ್ಟಣವನ್ನು ಅವರ ಕೈಗೆ ಹಾಕಿದರು. "ಇವನಿಗೆ ಕಡ್ಡಿ ಗೀರಾಕೆ ಬರಲ್ವಾ?"

ಆಗ ಗಿರಿಜಮ್ಮ ನನ್ನ ಕಡೆ ತಿರುಗಿದರು. "ರುದ್ರಣ್ಣ, ನಿನ್ನೆ ಕೇಳಿದ್ರಲ್ಲ, ನನಗೇನು ಬೇಕು ಅಂತ. ಮುಂದಿನ ಸಲ ನನಗೆ ಮುಂದಿನ ಸೀಟು."

"ಮತ್ತೆ ನಾನೆಲ್ಲಿ ಕೂರ್ಲಿ?" ಎಂದರು ಕೊಟ್ರಮ್ಮ.

"ನೀನು ಡಿಕ್ಕ್ಯಾಗೆ ಕೂತು ಕ್ಯಾನು ಕಾಯಿ," ಎಂದರು ಬಸಮ್ಮನವರು.

ಬಕೆಟ್ಟಿನ ನೀರನ್ನು ಕಾಲಿಗೆ ಸಿಗುವ ಕಡೆ ಚೆಲ್ಲಬಾರದೆಂದರು. ಅದನ್ನು ಹಿತ್ತಿಲಿಗೆ ಒಯ್ದು ಪತ್ರೆ ಗಿಡದ ಬುಡಕ್ಕೆ ಹಾಕಿದೆ. ಮರಳಿ ಬರುವಷ್ಟರಲ್ಲಿ ಗಿರಿಜಮ್ಮ ಒಳಗಿನಿಂದ ಕುಡಿಯುವ ನೀರಿನ ಬಿಂದಿಗೆ ಹೊತ್ತು ತಂದಿದ್ದರು. ಸರದಿಯಲ್ಲಿ ನಿಂತು ಹಿಡಿದ ನೀರು ಅದು. ಬೇಡವೆಂದೆ. "ಅದೂ ದಣಿದು ಬಂದೈತೆ, ಹಾಕಪ್ಪ" ಎಂದು ಬಸಮ್ಮನವರು ಕಟ್ಟೆಯ ಮೇಲಿನಿಂದಲೇ ಹೇಳಿದರು. ನಲ್ಲಿ ಬಿಗಿ ಮಾಡಿದೆ. ರೇಡಿಯೇಟರ್ ತುಂಬಿದೆ, ಮುಚ್ಚಳ ತಿರುಗಿಸಿದೆ. ಉಳಿದ ನೀರನ್ನು ಕ್ಯಾನಿಗೆ ತುಂಬಿ ಡಿಕ್ಕಿಯಲ್ಲಿಟ್ಟೆ. ಗಿರಣಿಯ ಶೆಡ್ಡಿಗೆ ಹೋಗಿ ಕಾರು ನಿಲ್ಲಿಸಿದ ಮೇಲೆ, ಬೋರ್ಡು ಬರೆಯಲು ತಂದಿಟ್ಟಿದ್ದ ಕೆಂಪು ಪೇಂಟಿನ ಡಬ್ಬಿ ಹುಡುಕಿ, ವಿಭೂತಿ ಪಟ್ಟೆಯನ್ನು ಅಳಿಸದೆ ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಇಂಜಿನ್ ನೀರು' ಎಂದು ಬರೆದೆ. ಬ್ರಷ್ ತೊಳೆದಿಟ್ಟು, ಶೆಡ್ಡಿಗೆ ಬೀಗ ಹಾಕಿದೆ.